ಕುತ್ತಿಗೆಗೆ ಎರಡು ಸಲ

ವಿಶಾಖಪಟ್ಟಣ
9 ಫೆಬ್ರವರಿ 2025

ಅಪ್ಪಾಜಿ,

ಕೊನೆಗೂ ನನಗೊಂದು ಬೆಂಕಿ ಸಿಕ್ಕಿತು. ಕಾರ್ಖಾನೆಯ ಫೈರ್ ಸ್ಟೇಷನ್ ಸೇರಿ ಏಳು ತಿಂಗಳಾದರೂ ಹೋಸ್ ಪೈಪು ಒಣಗಿಸುವುದು, ಹೈಡ್ರಂಟಿನ ನಲ್ಲಿ ತಿರುಗಿಸಿ ನೋಡುವುದು, ಟೌನ್‌ಶಿಪ್ಪಿನ ಬಚ್ಚಲುಗಳಲ್ಲಿ ಹಾವು ಹಿಡಿಯುವುದು, ಇಷ್ಟೇ ಆಗಿತ್ತು. ಡ್ಯೂಟಿಗೆ ಬಂದರೆ ಫೋನು ಗೇಟಿನ ಲಾಕರಿಗೆ ಹೋಗುತ್ತದೆ, ನಿಮಗೆ ಗೊತ್ತೇ ಇದೆ. ನಿನ್ನೆ ಫೋನ್ ಮಾಡಿದರೆ ನೀವು ಎತ್ತಲಿಲ್ಲ, ಇವತ್ತು ಡ್ಯೂಟಿ ಮುಗಿಯಲು ಇನ್ನೂ ಹದಿನಾರು ಗಂಟೆ ಇದೆ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗದು. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಆಡಿದ ಮಾತು ಡ್ಯೂಟಿ ಬುಕ್ಕಿಗೆ ಬರುವುದಿಲ್ಲ ಅಂತ ನೀವೇ ಹೇಳುತ್ತೀರಲ್ಲ. ನಡುವೆ ತೆಲುಗು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಶುಕ್ರವಾರ ಮಧ್ಯಾಹ್ನ ಅಚ್ಯುತಾಪುರಂ ದಾರಿಯ ಒಂದು ಬಣ್ಣದ ಗೋದಾಮಿಗೆ ನಮ್ಮ ಗಾಡಿಯನ್ನೂ ಕರೆದರು. ಮುಂದೆ ಫಣಿ, ಹಿಂದೆ ಹೋಸ್ ಹಿಡಿದು ನಾನು. ನೀವು ತಿದ್ದಿ ಬೆಳೆಸಿದ ಫಣಿ ಈಗ ಲೀಡಿಂಗ್ ಫೈರ್‌ಮನ್. ಸ್ಥಳದಲ್ಲಿ ಅವನು ಕೂಗಿದ್ದೇ ಆರ್ಡರ್. ತಗಡು ಪಟಪಟ ಸಿಡಿಯುತ್ತಿತ್ತು, ಡಬ್ಬಗಳು ಒಳಗೇ ಒಡೆಯುತ್ತಿದ್ದವು. ಭಯವಾಗಲಿಲ್ಲ ಅಂದರೆ ಸುಳ್ಳು, ಆದರೆ ಭಯಪಡಲು ಪುರಸೊತ್ತು ಇರಲಿಲ್ಲ. ಎರಡೂವರೆ ಗಂಟೆಯಲ್ಲಿ ಆರಿಸಿದೆವು. ಯಾರಿಗೂ ಒಂದು ಗೀರೂ ಇಲ್ಲ. ಹೊರಗೆ ಬಂದು ಮಾಸ್ಕ್ ತೆಗೆದಾಗ ನಗು ತಡೆಯಲಾಗುತ್ತಿರಲಿಲ್ಲ. ನೀವು ಫೈರ್‌ಮನ್ ಆಗಿದ್ದ ಮೂವತ್ತೊಂದು ವರ್ಷ ಯಾಕೆ ರಜೆ ಹಾಕುತ್ತಿರಲಿಲ್ಲ ಅಂತ ಆವತ್ತು ಅರ್ಥವಾಯಿತು.

ಈಗ ಇನ್ನೊಂದು ವಿಷಯ. ಬೆಂಕಿ ಆರಿದ ಕೂಡಲೇ ನಮ್ಮವರು ಕಪ್ಪು ಕೈಯಲ್ಲೇ ಮಿರ್ಚಿ ಬಜ್ಜಿ ತಿಂದರು, ಅದೇ ಕೋಟಿನಲ್ಲಿ ಗಾಡಿಯ ಕ್ಯಾಬಿನ್ನಿನಲ್ಲಿ ಕೂತರು, ಅದೇ ಕೋಟನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ಡಿಸೆಂಬರಿನಲ್ಲಿ ನನ್ನನ್ನು ಒಂದು ಕೋರ್ಸಿಗೆ ಕಳಿಸಿದ್ದರಲ್ಲ, ಅಲ್ಲಿ ಹೇಳಿಕೊಟ್ಟದ್ದು ಇದನ್ನೇ. ಬೆಂಕಿ ಆರಿದರೂ ಹೊಗೆಯಲ್ಲಿದ್ದ ವಿಷ ಕೋಟಿನ ಮೇಲೆ, ಹೆಲ್ಮೆಟ್ ಮೇಲೆ, ಚರ್ಮದ ಮೇಲೆ ಮಸಿಯಾಗಿ ಕೂತಿರುತ್ತದೆ. ಬೆವರಿ ಬಿಸಿಯಾದ ಚರ್ಮ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಸೇರುತ್ತಾ ಹೋದರೆ ಕ್ಯಾನ್ಸರಿನ ತನಕ ಹೋಗಬಹುದು. ಹಾಗಾಗದಿರಲು ಬೇಕಾದದ್ದು ನೀರು, ಸೋಪು, ಒಂದು ಬ್ರಷ್ಷು, ಕೋಟು ಕಟ್ಟಿಡಲು ಒಂದು ಚೀಲ. ಅಷ್ಟೇ.

ಇದರ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಬಟ್ಟೆಯ ಚೂರು ಇದೆ. ಫಣಿ ಸೋಪು ಹಾಕಿ ಮುಖ ತೊಳೆದ ಮೇಲೆ ಅವನ ಕುತ್ತಿಗೆ ಒರೆಸಿದ್ದು. ಬಿಳಿ ಬಟ್ಟೆ ಅದು, ನಂಬಿ. ಕವರ್ ತೆರೆಯಬೇಡಿ.

ನಮ್ಮ ಸ್ಟೇಷನ್ ಆಫೀಸರ್ ಪ್ರಭಾಕರ ಗಾರು ಇದನ್ನು ಕವರಿನ ಸಮೇತ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಏಪ್ರಿಲ್ ಹದಿನಾಲ್ಕರವರೆಗೆ, ಅಂದರೆ ಫೈರ್ ವೀಕ್ ಶುರುವಾಗುವವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಒಂದು ಬೆಂಕಿಯಲ್ಲಾದರೂ ಇಡೀ ಕ್ರೂ ತಾನಾಗಿ ತೊಳೆದುಕೊಂಡರೆ ಸ್ಟ್ಯಾಂಡಿಂಗ್ ಆರ್ಡರ್ ಮಾಡಿ ಎಲ್ಲರಿಗೂ ಕಾಯಂ ಮಾಡುತ್ತಾರಂತೆ. ಇಲ್ಲವಾದರೆ ಈ ವಿಷಯ ಮತ್ತೆ ಎತ್ತಬಾರದಂತೆ. ಫಣಿಗೆ ಮುಂದಿನ ತಿಂಗಳು ಕೂಸು ಹುಟ್ಟುತ್ತದೆ. ಅವನು ಇದೇ ಕುತ್ತಿಗೆಗೆ ಆ ಕೂಸನ್ನು ಒರಗಿಸಿಕೊಳ್ಳುತ್ತಾನೆ ಅಂತ ನೆನೆದರೆ ನನಗೆ ತಡೆಯಲಾಗುವುದಿಲ್ಲ. ಗೆದ್ದೇ ತೀರುತ್ತೇನೆ, ನೋಡಿ.

ನಿಮ್ಮ ಶ್ರಾವ್ಯಾ


ವಿಜಯವಾಡ
13 ಫೆಬ್ರವರಿ 2025

ಚಿ. ಶ್ರಾವ್ಯಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಗನ್ನವರಂ ಕಡೆ ನಾನು ಡ್ರಿಲ್ ಹೇಳಿಕೊಡುವ ಟ್ರೇನಿಂಗ್ ಸೆಂಟರಿಗೂ ತೆಗೆದುಕೊಂಡು ಹೋಗಿ, ಅಲ್ಲಿಯ ಹುಡುಗರಿಗೆ ತೆಲುಗಿನಲ್ಲಿ ಓದಿ ಹೇಳಿದೆ. ನನ್ನ ಮಗಳು ಎರಡೂವರೆ ಗಂಟೆ ಹೋಸ್ ಬಿಡಲಿಲ್ಲ, ನೀವು ಇಪ್ಪತ್ತು ನಿಮಿಷಕ್ಕೆ ಏದುಸಿರು ಬಿಡುತ್ತೀರಿ ಅಂತ ಅವರ ಮಾನ ತೆಗೆದೆ. ನಿಮ್ಮಮ್ಮ ದೇವಮ್ಮನವರು ಮೊದಲು ಅತ್ತರು, ಆಮೇಲೆ ಪಕ್ಕದ ಆರು ಮನೆಗೆ ಮೈಸೂರುಪಾಕು ಹಂಚಿ ಬಂದರು.

ಕವರ್ ತೆರೆಯಬೇಡ ಅಂದಿದ್ದೆ. ತೆರೆದೆ. ಮೂಸಿಯೂ ನೋಡಿದೆ. ಎನಾಮಲ್ ಪೇಂಟು, ಜೊತೆಗೆ ತಿನ್ನರ್. ಸರಿಯೋ ತಪ್ಪೋ ಬರೆ. ಮೂವತ್ತೊಂದು ವರ್ಷ ಈ ವಾಸನೆಯನ್ನೇ ಉಂಡು ಉಟ್ಟು ಮಲಗಿದವನು ನಾನು, ನಿನ್ನ ಕೋರ್ಸಿನವರು ನನ್ನನ್ನು ಹೆದರಿಸಲು ಬರಬಾರದು. ಹೊಳೆಯುವ ಹೆಲ್ಮೆಟ್ ಹಾಕಿಕೊಂಡವನು ಸ್ಟೋರ್ ಕೀಪರು. ನನ್ನ ಹೆಲ್ಮೆಟ್ ಇವತ್ತಿಗೂ ಬೀರುವಿನ ಮೇಲೆ ಇದ್ದಿಲಿನಂತೆ ಕೂತಿದೆ. ಒಂದು ದಿನಕ್ಕೂ ಒರೆಸಲು ಬಿಟ್ಟಿಲ್ಲ. ಸರಕಾರ ಕೊಡದ ಮೆಡಲ್ಲು ಅದು.

ಅದಿರಲಿ, ಮುಖ್ಯವಾದದ್ದನ್ನೇ ನೀನು ಬರೆದಿಲ್ಲ. ಮೊದಲ ಬೆಂಕಿಯ ಮಸಿ ಇಟ್ಟುಕೊಂಡೆಯಾ ಇಲ್ಲವಾ? ನಾನು ಬೆಂಕಿ ಆರಿಸಿ ಮನೆಗೆ ಬಂದಾಗಲೆಲ್ಲ ನೀನು ಬಾಗಿಲಿಗೆ ಓಡಿ ಬರುತ್ತಿದ್ದೆ. ಹೆಲ್ಮೆಟ್ಟಿನ ಅಂಚಿಗೆ ಬೆರಳು ಒತ್ತಿ ನಿನ್ನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದೆ. ಬೆಂಕಿಯನ್ನೇ ಕಂಡು ಬಂದ ಮಸಿ, ಅದರ ಮುಂದೆ ಯಾರ ಕಣ್ಣು ಏನು ಮಾಡೀತು? ಒಂದನೇ ಕ್ಲಾಸಿನ ಫೋಟೋದಲ್ಲೂ ಆ ಬೊಟ್ಟು ಇದೆ, ನಡುಮನೆಯ ಗೋಡೆಗೆ ನೇತುಹಾಕಿದ್ದೇನಲ್ಲ. ನನ್ನನ್ನು ನೋಡಿ ಸ್ಟೇಷನ್ನಿನವರೆಲ್ಲ ಕಲಿತರು. ಫಣಿಗೂ ಹೇಳು, ಅವನ ಕೂಸಿಗೂ ತಪ್ಪದೆ ಇಡಬೇಕು. ಅವನ ಮಾಸ್ಟಾರು ನಾನೇ ಹೇಳಿದ್ದೇನೆ ಅನ್ನು, ಮರುಮಾತಾಡುವುದಿಲ್ಲ.

ನಿನ್ನ ಅಪ್ಪ
ಈಶ್ವರಪ್ಪ


ವಿಶಾಖಪಟ್ಟಣ
2 ಮಾರ್ಚ್ 2025

ಅಪ್ಪಾಜಿ,

ಎನಾಮಲ್ಲೇ, ತಿನ್ನರ್ರೇ. ಸರಿಯಾಗಿ ಹೇಳಿದಿರಿ. ಆದರೆ ದಯವಿಟ್ಟು ಇನ್ನು ಮೂಸಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಇಲ್ಲಿ ದೊಡ್ಡ ಯುದ್ಧವೇ ನಡೆದಿದೆ. ನನ್ನ ಸೈನ್ಯದಲ್ಲಿ ನಾನೊಬ್ಬಳೇ. ತೆಲುಗಿನಲ್ಲಿ ಆರು ಪೋಸ್ಟರ್ ಬರೆದು ಸ್ಟೇಷನ್ ತುಂಬ ಅಂಟಿಸಿದೆ. ಒಂದಕ್ಕೆ ಯಾರೋ ಮೀಸೆ ಬರೆದರು. ರೋಲ್‌ಕಾಲ್ ಆದ ಮೇಲೆ ಹತ್ತು ನಿಮಿಷ ಭಾಷಣ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಬಂದರಿನ ಹತ್ತಿರ ಒಂದು ಟಯರ್ ರಾಶಿ ಹೊತ್ತಿಕೊಂಡಿತು. ಆರಿದ ಮೇಲೆ ನಾನು ಬಕೆಟ್ಟು ಬ್ರಷ್ಷು ಹಿಡಿದು ನಿಂತೆ. ಆರು ಜನರಲ್ಲಿ ಮೂವರು ಬಂದರು. ಮುಂದಿನ ಸಲ ಒಣಹುಲ್ಲಿನ ಬೆಂಕಿ, ಒಬ್ಬರು ಬಂದರು. ನಿನ್ನೆಯ ಕೇಬಲ್ ಬೆಂಕಿಗೆ ನಾನೇ ನನ್ನ ಬೆನ್ನು ಉಜ್ಜಿಕೊಂಡೆ. ಸ್ಟೇಷನ್ನಿನ ಅಮ್ಮಾಯಿ ಬ್ಯೂಟಿ ಪಾರ್ಲರ್ ತೆರೆದಿದ್ದಾಳೆ ಅಂತ ಫಣಿ ಗಾಡಿ ತುಂಬ ನಗಿಸಿದ. ನನಗೂ ನಗು ಬಂತು, ಅದೇ ಸಿಟ್ಟು.

ಆದರೆ ಕೇಳಿ, ಗೆಲುವೂ ಇದೆ. ಕೋಟುಗಳನ್ನು ಕ್ಯಾಬಿನ್ನಿಗೆ ಹಾಕದೆ ಚೀಲದಲ್ಲಿ ಕಟ್ಟಿ ಗಾಡಿಯ ಹಿಂಭಾಗದಲ್ಲಿ ಇಡಲು ಡ್ರೈವರ್ ಒಪ್ಪಿದ್ದಾರೆ. ಅವರ ಸೀಟಿಗೆ ವಾಸನೆ ಬರುವುದಿಲ್ಲ ಅನ್ನುವುದೇ ಅವರಿಗೆ ಕಾರಣ, ಇರಲಿ. ಪ್ರಭಾಕರ ಗಾರು ಎರಡನೇ ಜೊತೆ ಕೋಟಿಗೆ ಬರೆದು ಹಾಕಿದ್ದಾರೆ. ಇನ್ನು ನಲವತ್ತಮೂರು ದಿನ ಇದೆ. ಕ್ಯಾಲೆಂಡರಿನಲ್ಲಿ ದಿನಾ ಗೀಟು ಹಾಕುತ್ತಿದ್ದೇನೆ.

ಮಸಿಯ ವಿಷಯ ಕೇಳಿದ್ದಿರಿ. ಅದನ್ನು

ಸೈರನ್ ಆಯಿತು. ಆಮೇಲೆ ಬರೆಯುತ್ತೇನೆ.

ಶ್ರಾವ್ಯಾ


ವಿಜಯವಾಡ
24 ಮಾರ್ಚ್ 2025

ಚಿ. ಶ್ರಾವ್ಯಾಳಿಗೆ,

ಫಣಿ ಫೋನ್ ಮಾಡಿದ್ದ. ಶನಿವಾರ ಹೆಣ್ಣುಕೂಸು ಹುಟ್ಟಿದೆಯಂತೆ, ಮೂರು ಕೇಜಿ ಇನ್ನೂರು ಗ್ರಾಮು. ಆ ಧ್ವನಿ ಕೇಳಬೇಕಿತ್ತು ನೀನು. ಕೆಮಿಕಲ್ ಟ್ಯಾಂಕಿನ ಮುಂದೆ ಎದೆ ಸೆಟೆಸಿ ನಿಂತವನು ಫೋನಿನಲ್ಲಿ ಗಳಗಳ ಅತ್ತ. ಏಪ್ರಿಲ್ ಹನ್ನೊಂದಕ್ಕೆ ಇಪ್ಪತ್ತೊಂದನೇ ದಿನ, ಬಾರಸಾಲ, ಹೆಸರಿಡುವ ಶಾಸ್ತ್ರ. ನಮ್ಮನ್ನೂ ಕರೆದಿದ್ದಾನೆ. ಇಲ್ಲಿ ಹೊಸ ಬ್ಯಾಚಿನ ಪರೀಕ್ಷೆ ಇರುವುದರಿಂದ ಬರಲಾಗದು.

ನೀನು ಮಸಿಯ ವಿಷಯ ಅರ್ಧಕ್ಕೆ ಬಿಟ್ಟು ಓಡಿದೆ. ಓಡಿ ಇಪ್ಪತ್ತೆರಡು ದಿನವಾಯಿತು, ಅದ್ಯಾವ ಬೆಂಕಿಯವ್ವ ಅದು? ನನಗೇನು ತಿಳಿಯುವುದಿಲ್ಲವೇ. ಈಗಿನ ಹುಡುಗಿ, ದೃಷ್ಟಿಬೊಟ್ಟು ಅಂದರೆ ಫಣಿಯ ಮುಂದೆ ನಾಚಿಕೆ. ಆಗಲಿ, ಅಪ್ಪನಿಗೆ ನಾಚಿಕೆ ಇಲ್ಲ. ನಿನ್ನೆ ಭಾನುವಾರ ಕೂತು ನನ್ನ ಹೆಲ್ಮೆಟ್ಟಿನ ಅಂಚಿನಿಂದ ಚಾಕುವಿನಲ್ಲಿ ಮಸಿ ಕೆರೆದೆ. ಮೂವತ್ತೊಂದು ವರ್ಷದ ಬೆಂಕಿಗಳೆಲ್ಲ ಅದರಲ್ಲಿವೆ. ನಿಮ್ಮಮ್ಮನ ಬೆಳ್ಳಿಯ ಕುಂಕುಮದ ಡಬ್ಬಿಗೆ ಅದನ್ನು ತುಂಬಿ, ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಕಲಸಿ ಫಣಿಗೆ ಕೊರಿಯರ್ ಮಾಡಿದ್ದೇನೆ. ಬಾರಸಾಲದ ದಿನ ಕೆನ್ನೆಗೆ ಇಡು ಅಂತ ಚೀಟಿ ಬರೆದಿದ್ದೇನೆ. ಬೆಳ್ಳಿ ಡಬ್ಬಿ ಹೋದದ್ದಕ್ಕೆ ನಿಮ್ಮಮ್ಮ ನಿನ್ನೆಯೆಲ್ಲ ಮುಖ ಊದಿಸಿಕೊಂಡಿದ್ದಳು, ಕೂಸಿಗಾಗಿ ಅಂತ ಹೇಳಿ ಸಮಾಧಾನ ಮಾಡಿದೆ.

ನಿನ್ನ ಪೋಸ್ಟರ್ ವಿಷಯ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಗೋಡೆ ಓದುವುದಕ್ಕೆ ಫೈರ್‌ಮನ್ನಿಗೆ ಸಂಬಳ ಕೊಡುತ್ತಾರೆಯೇ?

ಅಪ್ಪ


ವಿಶಾಖಪಟ್ಟಣ
27 ಮಾರ್ಚ್ 2025

ಅಪ್ಪಾಜಿ,

ಫಣಿ ಡಬ್ಬಿ ತೋರಿಸಿದ. ದೇವರ ಪಟದ ಮುಂದೆ ಇಟ್ಟಿದ್ದಾನೆ. ತೆರೆದು ತೋರಿಸಿ, ಕಣ್ಣಿಗೆ ಒತ್ತಿಕೊಂಡು ಮುಚ್ಚಿದ.

ನಾನು ನಾಚಿಕೊಂಡು ಸುಮ್ಮನಿದ್ದದ್ದಲ್ಲ. ಆವತ್ತು ಸೈರನ್ನೂ ಆಗಿರಲಿಲ್ಲ. ಬರೆಯಲು ಕೈ ಬರಲಿಲ್ಲ. ಡಿಸೆಂಬರಿನ ಕೋರ್ಸಿನಲ್ಲಿ ಮಸಿಯೊಳಗೆ ಏನೇನು ಇರುತ್ತದೆ ಎಂದು ಹೇಳುತ್ತಿದ್ದಾಗ ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ಇದನ್ನು ನಿಮಗೆ ಯಾವತ್ತೂ ಹೇಳಬಾರದು ಅಂದುಕೊಂಡೆ. ನೀವು ಮನೆಗೆ ಬರುವ ಹೊತ್ತಿಗೆ ನಾನು ಮುಖ ತೊಳೆದು ಕಾಯುತ್ತಿದ್ದೆ, ಬೊಟ್ಟು ಚೆನ್ನಾಗಿ ಕೂರಲಿ ಅಂತ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಖುಷಿಯದು ಇನ್ನೊಂದಿಲ್ಲ. ಅದನ್ನು ನಿಮ್ಮಿಂದಲೂ ನನ್ನಿಂದಲೂ ಕಿತ್ತುಕೊಳ್ಳುವುದು ಹೇಗೆ?

ಈಗ ಹೇಳಲೇಬೇಕು. ಇಪ್ಪತ್ತೊಂದು ದಿನದ ಕೂಸಿನ ಚರ್ಮ ನಮ್ಮದಕ್ಕಿಂತ ತೆಳು. ಮೇಲೆ ಎಣ್ಣೆ ಬೇರೆ ಹಾಕಿದ್ದೀರಿ. ನಾನು ಹೇಳಿದರೆ ಫಣಿ ಕೇಳುವುದಿಲ್ಲ. ಮಾಸ್ಟಾರು ನಿನಗೂ ಇಟ್ಟಿದ್ದರಲ್ಲ, ನೀನು ಕಲ್ಲುಗುಂಡಿನ ಹಾಗೆ ಇದ್ದೀಯಲ್ಲ ಅನ್ನುತ್ತಾನೆ. ಅವನಿಗೆ ಬೇಡ ಅನ್ನಬಲ್ಲವರು ನೀವೊಬ್ಬರೇ. ಹಾಗೆನ್ನಲು ನೀವು ಏನನ್ನು ಒಪ್ಪಿಕೊಳ್ಳಬೇಕಾಗುತ್ತದೆ ಅನ್ನುವುದೂ ನನಗೆ ಗೊತ್ತು.

ನನಗೆ ಏನೂ ಆಗಿಲ್ಲ. ಕಾರ್ಖಾನೆಯ ಚೆಕಪ್ಪಿನಲ್ಲಿ ಎಲ್ಲ ಸರಿಯಾಗಿದೆ. ನಿಮ್ಮ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ.

ಶ್ರಾವ್ಯಾ


ವಿಶಾಖಪಟ್ಟಣ
2 ಏಪ್ರಿಲ್ 2025

ಅಪ್ಪಾಜಿ,

ಯುಗಾದಿಯ ದಿನ ಫೋನ್ ಮಾಡಿದೆ. ನೀವು ಮಹಡಿಯಲ್ಲಿ ಇದ್ದೀರಿ ಎಂದರು ಅಮ್ಮ. ಆ ಮನೆಗೆ ಮಹಡಿಯೇ ಇಲ್ಲವಲ್ಲ.

ಬೈದಾದರೂ ಒಂದು ಸಾಲು ಬರೆಯಿರಿ. ಬಾರಸಾಲಕ್ಕೆ ಒಂಬತ್ತು ದಿನ ಇದೆ. ಫೈರ್ ವೀಕಿಗೆ ಹನ್ನೆರಡು.

ಶ್ರಾವ್ಯಾ


ವಿಜಯವಾಡ
7 ಏಪ್ರಿಲ್ 2025

ಚಿ. ಶ್ರಾವ್ಯಾಳಿಗೆ,

ಕೂತು ಓದು. ಕೈಯಲ್ಲಿ ಪೆನ್ಸಿಲ್ ಇಟ್ಟುಕೋ. ತಡವಾದದ್ದು ಯಾಕೆ ಅಂತ ಆಮೇಲೆ, ಮೊದಲು ಕೆಲಸ.

ನೀನು ಸೋತದ್ದು ಎಲ್ಲಿ ಗೊತ್ತೇ? ಫೈರ್‌ಮನ್ ಬುದ್ಧಿಮಾತು ಕೇಳುವ ಪ್ರಾಣಿಯಲ್ಲ, ಆರ್ಡರ್ ಕೇಳುವ ಪ್ರಾಣಿ. ಬೆಂಕಿ ಆರಿದ ಮೇಲೆ ನಮಗೆ ಎರಡೇ ಕೂಗು. 'ನಾಕ್ ಆಫ್' ಅಂದರೆ ನೀರು ನಿಲ್ಲಿಸಬೇಕು. 'ಮೇಕಪ್' ಅಂದರೆ ಹೋಸ್ ಸುತ್ತಿ ಸಾಮಾನು ಗಾಡಿಗೆ ಏರಿಸಬೇಕು. ಮೇಕಪ್ ಕೂಗಿದ ಕ್ಷಣಕ್ಕೆ ಅವನ ಮನಸ್ಸು ಮನೆ ಸೇರಿಬಿಟ್ಟಿರುತ್ತದೆ. ನೀನು ಆಮೇಲೆ ಬಕೆಟ್ ಹಿಡಿದು ಬಂದರೆ ಬ್ಯೂಟಿ ಪಾರ್ಲರ್ ಅನ್ನದೆ ಇನ್ನೇನು ಅಂದಾನು? ಆ ಎರಡು ಕೂಗಿನ ನಡುವೆ ಮೂರನೆಯದೊಂದು ಕೂಗು ಇಡಬೇಕು. 'ವಾಶ್ ಡೌನ್'. ಅದು ಮುಗಿಯದೆ ಮೇಕಪ್ ಇಲ್ಲ, ಮೇಕಪ್ ಆಗದೆ ಮನೆ ಇಲ್ಲ.

ಡ್ರಿಲ್ ಬರೆದು ಇಟ್ಟಿದ್ದೇನೆ. ನಂಬರ್ ಒನ್ ಕೈ ಚಾಚಿ ನಿಲ್ಲುತ್ತಾನೆ, ಮಾಸ್ಕ್ ತೆಗೆಯುವ ಹಾಗಿಲ್ಲ. ನಂಬರ್ ಟೂ ಸಣ್ಣ ಹೋಸಿನಿಂದ ತಲೆಯಿಂದ ಕಾಲಿನವರೆಗೆ ನೀರು ಬಿಡುತ್ತಾನೆ. ನಂಬರ್ ತ್ರೀ ಸೋಪು ನೀರಿನಲ್ಲಿ ಬ್ರಷ್ ಅದ್ದಿ ಮೇಲಿಂದ ಕೆಳಕ್ಕೆ ಮಾತ್ರ ಉಜ್ಜುತ್ತಾನೆ, ಕೆಳಗಿಂದ ಮೇಲಕ್ಕೆ ಹೋದರೆ ಬೈಗುಳ. ನಂಬರ್ ಫೋರ್ ಚೀಲ ಬಿಡಿಸಿ ಹಿಡಿಯುತ್ತಾನೆ, ಕೋಟು ಒಳಗೆ, ಗಂಟು. ಕೊನೆಗೆ ಮಾಸ್ಕ್. ಆಮೇಲೆ ಒದ್ದೆ ಬಿಳಿ ಬಟ್ಟೆಯಲ್ಲಿ ಮುಖಕ್ಕೆ ಒಂದು ಸಲ, ಕೈಗೆ ಒಂದು ಸಲ, ಕುತ್ತಿಗೆಗೆ ಎರಡು ಸಲ. ಎರಡನೇ ಬಟ್ಟೆ ಬಿಳಿಯಾಗಿ ಬರಬೇಕು.

ಇಲ್ಲಿಯ ಹುಡುಗರ ಮೇಲೆ ಪ್ರಯೋಗ ಮಾಡಿದೆ. ಮೊದಲ ದಿನ ಒಬ್ಬನಿಗೆ ನಾಲ್ಕು ನಿಮಿಷ ಹತ್ತು ಸೆಕೆಂಡು. ಮೂರನೇ ದಿನ ಎರಡೂವರೆ. ನಿನ್ನೆ ಒಂದು ನಿಮಿಷ ಐವತ್ತೆರಡು ಸೆಕೆಂಡು. ಕೈಯಲ್ಲಿ ಸ್ಟಾಪ್‌ವಾಚ್ ಕಂಡರೆ ಸಾಕು, ಫೈರ್‌ಮನ್ ತನ್ನ ಮದುವೆಯ ಊಟವನ್ನೂ ರೇಸಿನ ಹಾಗೆ ಮುಗಿಸುತ್ತಾನೆ. ನಿಮ್ಮ ಸ್ಟೇಷನ್ನಿಗೆ ಇದು ಐದು ನಿಮಿಷಕ್ಕಿಂತ ಕಡಿಮೆಯಲ್ಲಿ ಆಗದು ಅಂತ ಫಣಿಗೆ ಬರೆದಿದ್ದೇನೆ. ಅವನು ಉರಿದೇಳುತ್ತಾನೆ, ನೋಡುತ್ತಿರು. ಬಟ್ಟೆಯ ಚೂರುಗಳನ್ನೂ ಪಾರ್ಸೆಲ್ ಮಾಡಿದ್ದೇನೆ, ನಲವತ್ತು ಇವೆ.

ಇನ್ನು ತಡವಾದದ್ದು. ನಿನ್ನ ಪತ್ರ ಎರಡು ದಿನ ನನ್ನ ಜೇಬಿನಲ್ಲೇ ಇತ್ತು. ನಿಮ್ಮಮ್ಮನಿಗೂ ಹೇಳಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಯುಗಾದಿಯ ಬೆಳಗ್ಗೆ ನಡುಮನೆಯ ಫೋಟೋದ ಮುಂದೆ ನಿಂತು ನಿನ್ನ ಕೆನ್ನೆ ನೋಡಿದೆ. ಇಷ್ಟು ಮಾತ್ರ ಬರೆಯಬಲ್ಲೆ ಈಗ.

ಫಣಿಗೆ ಡ್ರಿಲ್ಲಿನ ಜೊತೆ ಇನ್ನೊಂದು ಕಾಗದವೂ ಇದೆ. ಅದರಲ್ಲಿ ಏನಿದೆ ಅಂತ ನೀನು ಕೇಳಬಾರದು.

ಅಪ್ಪ


ವಿಶಾಖಪಟ್ಟಣ
14 ಏಪ್ರಿಲ್ 2025

ಅಪ್ಪಾಜಿ, ಅಪ್ಪಾಜಿ,

ಎಲ್ಲಿಂದ ಶುರು ಮಾಡಲಿ? ಕ್ರಮವಾಗಿ ಬರೆಯದಿದ್ದರೆ ನೀವು ಬೈಯುತ್ತೀರಿ, ಆದರೆ ಪೆನ್ನೇ ನನ್ನ ಮುಂದೆ ಓಡುತ್ತಿದೆ.

ನಿಮ್ಮ ಪಾರ್ಸೆಲ್ ಒಂಬತ್ತನೇ ತಾರೀಕು ಬಂತು. ಐದು ನಿಮಿಷ ಅನ್ನುವ ಸಾಲನ್ನು ಓದಿದ ಫಣಿ ಕಾಗದವನ್ನು ಟೇಬಲ್ಲಿಗೆ ಬಡಿದು, ಎಲ್ಲರನ್ನೂ ಅಂಗಳಕ್ಕೆ ಕರೆದ. ಸಂಜೆಯವರೆಗೆ ಏಳು ಸಲ ಡ್ರಿಲ್ ಆಯಿತು. ಏಳನೆಯದು ಎರಡು ನಿಮಿಷ ಐದು ಸೆಕೆಂಡು. ನಿಮ್ಮ ಹುಡುಗರಿಗಿಂತ ಹದಿಮೂರು ಸೆಕೆಂಡು ಹಿಂದೆ, ಅದಕ್ಕೆ ಅವನಿಗೆ ರಾತ್ರಿ ಊಟವೂ ಸೇರಲಿಲ್ಲವಂತೆ. ಎರಡನೇ ಕಾಗದವನ್ನು ಅವನು ಆಗ ತೆರೆಯಲಿಲ್ಲ. ಜೇಬಿಗೆ ಹಾಕಿಕೊಂಡು ಹೋದ.

ಆದರೆ ಅಂಗಳದ ಡ್ರಿಲ್ ಬೇರೆ, ಬೆಂಕಿ ಬೇರೆ. ಮರುದಿನ ಮಧ್ಯಾಹ್ನವೇ ಕರೆ ಬಂತು. ಹಾಸಿಗೆಯ ಫೋಮ್ ತುಂಬಿದ ಒಂದು ಶೆಡ್ಡು. ಅಂಥ ಹೊಗೆಯನ್ನು ನಾನು ಕಂಡಿರಲಿಲ್ಲ, ಟಾರಿನ ಹಾಗೆ ಮೈಗೆ ಅಂಟುತ್ತಿತ್ತು. ಮೂರು ಗಂಟೆ ಬೇಕಾಯಿತು. ಪ್ರಭಾಕರ ಗಾರು ಜೀಪಿನಲ್ಲಿ ಬಂದು ದೂರ ನಿಂತಿದ್ದರು. ಫಣಿ 'ನಾಕ್ ಆಫ್' ಕೂಗಿದ. ನೀರು ನಿಂತಿತು. ಎಲ್ಲರಿಗೂ ಜೀವ ಹೋಗುವಷ್ಟು ಸುಸ್ತು. ಬಜ್ಜಿ ಗಾಡಿಯವನು ಅಷ್ಟರಲ್ಲೇ ಬಂದು ಒಲೆ ಹಚ್ಚಿದ್ದ. ಒಬ್ಬ ಆಗಲೇ ಮಾಸ್ಕಿಗೆ ಕೈ ಹಾಕಿದ್ದ. ನಾನು ನಂಬರ್ ಫೋರ್, ಕೂಗುವ ಅಧಿಕಾರ ನನಗಿಲ್ಲ. ಫಣಿಯ ಬೆನ್ನನ್ನೇ ನೋಡುತ್ತಾ ನಿಂತೆ. ಅವನು ಕೈ ಎತ್ತಿದ. ಎಲ್ಲರೂ ಮೇಕಪ್ಪಿಗೆ ಕಾದರು.

"ವಾಶ್ ಡೌನ್" ಅಂತ ಕೂಗಿದ, ಅಪ್ಪಾಜಿ. ಕೂಗಿ ತಾನೇ ಮೊದಲು ಬಂದು ಕೈ ಚಾಚಿ ನಿಂತ.

ಆರು ಜನ, ಆರೂ ಜನ. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಒಬ್ಬ ಕೆಳಗಿಂದ ಮೇಲಕ್ಕೆ ಉಜ್ಜಿದ, ಐದು ಜನ ಒಟ್ಟಿಗೆ ಬೈದರು. ಚೀಲಗಳನ್ನು ಗಂಟು ಹಾಕುವಾಗ ನನ್ನ ಮಾಸ್ಕಿನ ಒಳಗೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಬಜ್ಜಿಯವನು ಬಂದು ತನಗೂ ಕೈ ತೊಳೆಯಲು ಸೋಪು ಕೇಳಿದ. ಪ್ರಭಾಕರ ಗಾರು ಹತ್ತಿರ ಬಂದು ಫಣಿಯ ಕುತ್ತಿಗೆಯ ಎರಡನೇ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ತಲೆಯಾಡಿಸಿದರು.

ಮರುದಿನ ಬಾರಸಾಲ. ನನಗೆ ಹೋಗಲು ಮನಸ್ಸೇ ಇರಲಿಲ್ಲ, ಆ ಡಬ್ಬಿಯೇ ಕಣ್ಣೆದುರು ಬರುತ್ತಿತ್ತು. ಮನೆ ತುಂಬ ಜನ. ಕೂಸಿಗೆ ಲೀಲಾವತಿ ಅಂತ ಹೆಸರಿಟ್ಟರು. ಫಣಿಯ ಅಜ್ಜಿ ಲಕ್ಷ್ಮೀಕಾಂತಮ್ಮ, ಎಂಬತ್ತು ದಾಟಿದವರು, ಗಟ್ಟಿ ಧ್ವನಿಯಲ್ಲಿ ಮಾಸ್ಟಾರ ಮಸಿ ಎಲ್ಲಿ, ತನ್ನಿ ಎಂದರು. ಫಣಿ ದೇವರ ಮುಂದಿನಿಂದ ಡಬ್ಬಿ ತಂದ. ತೆರೆದ. ಖಾಲಿ. ತಿಕ್ಕಿ ತಿಕ್ಕಿ ತೊಳೆದಿದ್ದ, ಬೆಳ್ಳಿ ಹೊಳೆಯುತ್ತಿತ್ತು. ಒಳಗೆ ನಾಲ್ಕಾಗಿ ಮಡಚಿದ ನಿಮ್ಮ ಕಾಗದ. ಅವನು ನಿಂತುಕೊಂಡೇ ಓದಿದ.

ನೀವು ಕೇಳಬೇಡ ಅಂದಿರಿ, ನಾನು ಕೇಳಲಿಲ್ಲ. ಅವನೇ ಓದಿದರೆ ಕಿವಿ ಮುಚ್ಚಿಕೊಳ್ಳಲಾಗುತ್ತದೆಯೇ? "ನಾನು ನನ್ನ ಮಗಳಿಗೆ ಹನ್ನೆರಡು ವರ್ಷ ಇಟ್ಟೆ. ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಾಗಿದೆ. ಗೊತ್ತಿಲ್ಲದೆ ಇಟ್ಟದ್ದು ಪ್ರೀತಿ, ಗೊತ್ತಿದ್ದೂ ಇಟ್ಟರೆ ಅದಕ್ಕೆ ಬೇರೆ ಹೆಸರು. ಡಬ್ಬಿ ತೊಳೆದುಬಿಡು ಬಾಬು, ಇದು ನಿನ್ನ ಮಾಸ್ಟಾರ ಕೊನೆಯ ಆರ್ಡರ್." ಮೂವತ್ತೊಂದು ವರ್ಷ ಯಾರ ಎದುರೂ ತಪ್ಪು ಒಪ್ಪಿಕೊಳ್ಳದ ನನ್ನ ಅಪ್ಪ ಅಷ್ಟು ಜನರ ನಡುವೆ ಒಪ್ಪಿಕೊಂಡುಬಿಟ್ಟರು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಆ ಬಣ್ಣದ ಗೋದಾಮಿನ ದಿನವೂ ಅಷ್ಟು ಆಗಿರಲಿಲ್ಲ.

ಲಕ್ಷ್ಮೀಕಾಂತಮ್ಮ ಖಾಲಿ ಡಬ್ಬಿಯನ್ನು ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಅರಿಸಿನದ ಬಟ್ಟಲಿಗೆ ಬೆರಳು ಅದ್ದಿ ಕೂಸಿನ ಅಂಗಾಲಿಗೆ ಒಂದು ಬೊಟ್ಟು ಇಟ್ಟರು. ಇದಕ್ಕೆ ನಿಮ್ಮ ಕೋರ್ಸಿನವರ ಅಭ್ಯಂತರ ಇಲ್ಲ ತಾನೇ ಅಂತ ನನ್ನನ್ನು ಕೇಳಿದರು.

ಇವತ್ತು ಬೆಳಗ್ಗೆ ಫೈರ್ ವೀಕಿನ ಪೆರೇಡಿನಲ್ಲಿ ಪ್ರಭಾಕರ ಗಾರು ಸ್ಟ್ಯಾಂಡಿಂಗ್ ಆರ್ಡರ್ ಓದಿದರು. ನಾಕ್ ಆಫ್, ವಾಶ್ ಡೌನ್, ಮೇಕಪ್. ನಿಮ್ಮ ಮೂರನೇ ಕೂಗು ಈಗ ಸ್ಟೇಷನ್ನಿನ ಪುಸ್ತಕದಲ್ಲಿದೆ. ಅಮ್ಮನ ಡಬ್ಬಿಯನ್ನೂ, ಅದರೊಳಗೆ ಫಣಿಯ ಕುತ್ತಿಗೆ ಒರೆಸಿದ ಎರಡನೇ ಬಟ್ಟೆಯನ್ನೂ ಕಳಿಸುತ್ತಿದ್ದೇನೆ. ಈ ಸಲ ತೆರೆಯಬಹುದು.

ನಿಮ್ಮ ಮಗಳು
ಶ್ರಾವ್ಯಾ


ವಿಜಯವಾಡ
18 ಏಪ್ರಿಲ್ 2025

ನನ್ನ ಮಗಳು ಶ್ರಾವ್ಯಾಳಿಗೆ,

ತೆರೆದೆ. ಮೂಸಿದೆ. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಬಟ್ಟೆ ಬಿಳಿ. ನಿಮ್ಮಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನಿಮ್ಮ ಯುಗಾದಿಯ ಹೊಸ ಪಂಚೆಯಲ್ಲವೇ ಎಂದಳು. ಹೌದು. ಹಬ್ಬದ ದಿನ ನೀನು ಫೋನ್ ಮಾಡಿದಾಗ ನಾನು ಹಿತ್ತಲಿನಲ್ಲಿ ಕೂತು ಅದನ್ನೇ ಹರಿಯುತ್ತಿದ್ದೆ. ಅಲ್ಲಿಂದಲೇ ಮಹಡಿ ಅಂತ ಹೇಳು ಎಂದು ಕೂಗಿದೆ. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ಡಬ್ಬಿ ನೋಡಿದ ಮೇಲೆ ಬೀರುವಿನ ಮೇಲಿಂದ ಹೆಲ್ಮೆಟ್ ಇಳಿಸಿದೆ. ಬರಿಗೈಯಲ್ಲಿ ಅಲ್ಲ, ಗ್ಲೌಸ್ ಹಾಕಿಕೊಂಡು. ಸೆಂಟರಿಗೆ ಒಯ್ದು, ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಮೇಲಿಂದ ಕೆಳಕ್ಕೆ ಉಜ್ಜಿದೆ. ಎರಡು ಬಕೆಟ್ ನೀರು ಇದ್ದಿಲು ಕಲಸಿದ ಹಾಗಾಯಿತು. ಒಳಗಿಂದ ಹಳದಿ ಬಣ್ಣ ಬಂತು ಕಣವ್ವ. ಅದು ಹಳದಿ ಹೆಲ್ಮೆಟ್ ಅನ್ನುವುದನ್ನು ನಾನೇ ಮರೆತಿದ್ದೆ. ಮೊದಲ ದಿನ ಕೊಟ್ಟಾಗ ನಿಂಬೆಹಣ್ಣಿನ ಹಾಗಿತ್ತು.

ನೀನು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇದೆ. ಪತ್ರದಲ್ಲಿ ನಿನ್ನ ಚೆಕಪ್ ಸರಿಯಾಗಿದೆ ಅಂತ ಬರೆದೆ, ನನ್ನದನ್ನು ಕೇಳಲು ಹೆದರಿದೆ. ಬುಧವಾರ ಆಸ್ಪತ್ರೆಗೆ ಹೋಗಿ ಬಂದೆ. ಎದೆ, ರಕ್ತ, ಚರ್ಮ, ಎಲ್ಲ ನೋಡಿದರು. ಸದ್ಯಕ್ಕೆ ಹೆದರುವಂಥದ್ದು ಏನೂ ಇಲ್ಲ, ವರ್ಷ ವರ್ಷ ಬಂದು ತೋರಿಸಬೇಕು ಅಂದರು. ಬರುತ್ತೇನೆ ಅಂತ ಬರೆದುಕೊಟ್ಟಿದ್ದೇನೆ.

ನಡುಮನೆಯ ಫೋಟೋ ತೆಗೆದುಬಿಡೋಣ ಅಂತಿದ್ದೆ. ನಿಮ್ಮಮ್ಮ ಕೈ ಹಿಡಿದುಕೊಂಡಳು. ಅವಳು ಎಷ್ಟು ನಗುತ್ತಿದ್ದಾಳೆ ನೋಡಿ, ಅದನ್ನೂ ತೆಗೆದುಹಾಕುತ್ತೀರಾ ಎಂದಳು. ಅಲ್ಲೇ ಇದೆ. ತಪ್ಪಾಯಿತು ಮಗಳೇ. ಇದನ್ನು ಫಣಿಗೆ ಬರೆದೆ, ಅವನು ಮನೆಯವರ ಮುಂದೆ ಓದಿದ, ನಿನಗೆ ಬರೆಯಲು ಮಾತ್ರ ಇಷ್ಟು ದಿನ ಹಿಡಿಯಿತು.

ಇವತ್ತು ಬೆಳಗ್ಗೆ ಹೊಸ ಬ್ಯಾಚಿನ ಹುಡುಗಿಯೊಬ್ಬಳು, ನಿಕಿತಾ ಅಂತ, ಡ್ರಿಲ್ಲಿನ ನಡುವೆ ಕೈ ಎತ್ತಿದಳು. ಮುಖಕ್ಕೆ ಒಂದು ಸಲ, ಕೈಗೆ ಒಂದು ಸಲ, ಕುತ್ತಿಗೆಗೆ ಮಾತ್ರ ಎರಡು ಸಲ ಯಾಕೆ ಮಾಸ್ಟಾರೂ ಎಂದಳು. ಪುಸ್ತಕದಲ್ಲಿ ಕಾಲರಿನ ಸಂದಿ, ಬೆವರು, ತೆಳು ಚರ್ಮ ಅಂತೆಲ್ಲ ಇದೆ. ಅದನ್ನೂ ಹೇಳಿದೆ. ಆಮೇಲೆ ಹೇಳಿದೆ: "ಒಂದು ಸಲ ನಿನಗೆ. ಇನ್ನೊಂದು ಸಲ, ಮನೆಗೆ ಹೋದಾಗ ಬಾಗಿಲಿಗೆ ಓಡಿ ಬಂದು ಆ ಕುತ್ತಿಗೆಗೆ ಜೋತುಬೀಳುವವರಿಗೆ."

ಅಪ್ಪ